ಗಂಟಿನೊಳಗೆ ಏನೈತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರಿನ ಹೆಸರನ್ನು ನಡುವೆ ಜಾಗ ಬಿಡದೆ ಯುನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದರೆ ಕಂಪ್ಯೂಟರಿನ ಲೆಕ್ಕಕ್ಕೆ 99 ಬೈಟ್ ಆಗುತ್ತದೆ. ಇಂಡಿಗೆ 12, ಸಿಂದಗಿಗೆ 18, ಮುದ್ದೇಬಿಹಾಳಕ್ಕೆ 33, ಬಸವನಬಾಗೇವಾಡಿಗೆ 36. ಇವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 37ಕ್ಕೆ ಮುಗಿಯುತ್ತದೆ. ಫೈಲುಗಳನ್ನು ಒಟ್ಟಿಗೆ ಕಟ್ಟುವ ಟಾರ್ ಎಂಬ ಪ್ರೋಗ್ರಾಮ್ 1979ರಲ್ಲಿ ಬೆಲ್ ಲ್ಯಾಬ್ಸಿನ ಯುನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಹೊರಬಂದಾಗ ಒಂದು ಫೈಲಿನ ಹೆಸರಿಗೆಂದು ಅದು ಇಟ್ಟಿದ್ದ ಜಾಗ 100 ಬೈಟ್. ಹೆಸರು ಮುಗಿಯಿತೆಂದು ಸೂಚಿಸುವ ಒಂದು ಸೊನ್ನೆಯನ್ನು ಕೊನೆಗೆ ಸೇರಿಸಿದರೆ ನಮ್ಮ ನಾಲ್ಕು ಊರುಗಳೂ ಆ ಜಾಗದಲ್ಲಿ ಅಳತೆ ತೆಗೆದು ಹೊಲಿಸಿದ ಹಾಗೆ ಕೂತುಬಿಡುತ್ತವೆ. ಮುಂದೆ ಒಂದು ಚುಕ್ಕೆ ಇಡುವುದಕ್ಕೂ ಎಡೆಯಿಲ್ಲ.

ಈ ಲೆಕ್ಕ ನನಗೆ ಬೇಕಾದದ್ದು ಫೈಲುಗಳ ಹೆಸರಿನ ಸಲುವಾಗಿ. ನನ್ನ ಹತ್ತಿರ ಇರುವುದು ಈ ನಾಲ್ಕು ಸೀಮೆಯ ಹಾಡುಗಳು: ಬೀಸುವ ಪದ, ಸೋಬಾನ, ತತ್ವಪದ, ಡೊಳ್ಳಿನ ಪದ, ಗೀಗೀ ಪದ, ಅಲಾಯಿ ಕುಣಿಯ ಸುತ್ತ ಹಾಡುವ ಮೊಹರಂ ಪದ. ಯಾವುದೋ ಭಜನಾ ಸಂಘದವರು ಪುಸ್ತಕ ಮಾಡಿಸಬೇಕೆಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪಟ್ಟಿ ಎತ್ತಿದ ದುಡ್ಡು ಸಾಲದೆ ನಿಲ್ಲಿಸಿದ್ದು, ಜಾತ್ರೆಯ ಸ್ಮರಣ ಸಂಚಿಕೆಗೆ ಸೇರಿಸಿ, ಪುಟ ಹೆಚ್ಚಾಯಿತೆಂದು ತೆಗೆದದ್ದು, ಎಂ.ಎ. ಓದುವ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ಹಾಡಿಸಿ ಬರೆದುಕೊಂಡದ್ದು. ಅಚ್ಚಿಗೆ ಹೋಗದ ಇಂಥ ಎಷ್ಟೋ ಹಾಡುಗಳು ಇವತ್ತು ಇರುವ ಜಾಗ ತಾಲ್ಲೂಕು ಊರುಗಳ ಡಿಟಿಪಿ ಅಂಗಡಿಯ ಹಳೆಯ ಹಾರ್ಡ್ ಡಿಸ್ಕು. ಅಲ್ಲಿಂದ ನನಗೆ ಅವು ಪೆನ್‌ಡ್ರೈವಿನಲ್ಲೋ ವಾಟ್ಸಾಪಿನಲ್ಲೋ ಗಂಟಾಗಿ ಬರುತ್ತವೆ. "ಜಿಪ್ ಮಾಡಿ ಕಳಸೇನ್ರೀ ಸರ, ಬಿಚ್ಚಿ ನೋಡ್ರಿ" ಎಂದು ಫೋನು ಬರುತ್ತದೆ.

ಇವುಗಳಲ್ಲಿ ಕೆಲವು ಹಾಡುಗಳಿಗೆ ಹುಟ್ಟಿದ ಊರು ನೆಲದ ಮೇಲೆ ಉಳಿದಿಲ್ಲ. ಆಲಮಟ್ಟಿಯ ಹಿನ್ನೀರು, ನಾರಾಯಣಪುರದ ಹಿನ್ನೀರು ಬಂದಾಗ ಕೃಷ್ಣೆಯ ದಂಡೆಯ ಜನ ಮನೆ, ಗುಡಿ, ಮಸೂತಿ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಎದ್ದುಬಂದರು. ಅವರು ಹಾಡುತ್ತಿದ್ದ ಪದವನ್ನು ಯಾರೋ ಟೈಪ್ ಮಾಡಿದ್ದಾರೆ. ಊರಿನ ಹೆಸರು ಹಾಡಿನೊಳಗೆ ಬರುವುದಿಲ್ಲ, ಫೈಲಿನ ಹೆಸರಿನಲ್ಲಿ ಮಾತ್ರ ಇದೆ. ಹಾಡಿನ ಜಾತಿ, ಊರು, ತಾಲ್ಲೂಕು, ವರ್ಷ ಎಂದು ಕನ್ನಡದಲ್ಲಿ ಉದ್ದಕ್ಕೆ ಬರೆದರೆ 100 ಬೈಟ್ ದಾಟುವುದಕ್ಕೆ ಹೊತ್ತು ಬೇಕಿಲ್ಲ, ಯಾಕೆಂದರೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಒತ್ತಿಗೆ ಬೇರೆ, ಕೊಂಬಿಗೆ ಬೇರೆ, ಸೊನ್ನೆಗೆ ಬೇರೆ. ಈಗಿನ ಗ್ನು ಟಾರ್ ಎಷ್ಟು ಉದ್ದದ ಹೆಸರನ್ನೂ ಇಟ್ಟುಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ಕಟ್ಟುವ ಪ್ರೋಗ್ರಾಮುಗಳು ಹಾಗಲ್ಲ. ಜಿಪ್‌ನದು ಬೇರೆ ತೊಡಕು. ಫೈಲಿನ ಹೆಸರು ಯುನಿಕೋಡಿನಲ್ಲಿದೆ ಎಂದು ಗುರುತು ಹಾಕುವ ಏರ್ಪಾಡು ಜಿಪ್‌ಗೆ ಬಂದದ್ದೇ 2006ರಲ್ಲಿ. ಆ ಗುರುತು ಹಾಕದೆ ಕಟ್ಟಿದ, ಅಥವಾ ಗುರುತನ್ನು ಓದಲು ಬಾರದ ಪ್ರೋಗ್ರಾಮಿನಲ್ಲಿ ಬಿಚ್ಚಿದ ಗಂಟಿನಿಂದ ಕನ್ನಡ ಹೆಸರುಗಳು ಗೆರೆ, ಚೌಕ, ಪರದೇಶದ ಅಕ್ಷರಗಳಾಗಿ ಹೊರಬೀಳುತ್ತವೆ. ಒಳಗಿನ ಹಾಡು ಚೆನ್ನಾಗಿಯೇ ಇರುತ್ತದೆ. ಅದು ಯಾವ ಊರಿನದು ಎಂಬುದು ಹೋಗಿರುತ್ತದೆ. ಮುಳುಗಡೆಯಾದ ಊರು ಹೀಗೆ ಇನ್ನೊಂದು ಸಲ ಮುಳುಗುವುದನ್ನು ಕಂಡಾಗಿನಿಂದ ಗಂಟು ಕಟ್ಟುವ, ಬಿಚ್ಚುವ ಕೆಲಸವನ್ನು ನಾನು ಮೌಸಿನ ಕೈಗೆ ಬಿಟ್ಟಿಲ್ಲ. ಕಪ್ಪು ಪರದೆ ತೆರೆದು ಅಕ್ಷರ ಟೈಪ್ ಮಾಡಿಯೇ ಮಾಡುತ್ತೇನೆ.

ಕಮಾಂಡ್ ಲೈನ್ ಎಂದ ಕೂಡಲೆ ನಮ್ಮ ಕಡೆ ಕಂಪ್ಯೂಟರ್ ಬಲ್ಲವರೂ ಹಿಂದೆ ಸರಿಯುತ್ತಾರೆ. ಅಷ್ಟು ಅಂಜುವಂಥದ್ದು ಅಲ್ಲೇನೂ ಇಲ್ಲ. ಟಾರ್ ಎಂದು ಟೈಪ್ ಮಾಡಿ ಮುಂದೆ ಇಂಗ್ಲಿಷಿನ ಸಿ ಎಂದರೆ ಕಟ್ಟು, ಎಕ್ಸ್ ಎಂದರೆ ಬಿಚ್ಚು, ಟಿ ಎಂದರೆ ಒಳಗಿನ ಪಟ್ಟಿ ತೋರಿಸು. ಎಫ್ ಎಂದರೆ ಮುಂದೆ ಬರುವುದು ಗಂಟಿನ ಹೆಸರು. ಇಷ್ಟು ಕಲಿತರೆ ಸಂಸಾರ ನಡೆಯುತ್ತದೆ. ಜನ ಗೊಂದಲ ಮಾಡಿಕೊಳ್ಳುವುದು ಇನ್ನೊಂದು ಕಡೆ: ಟಾರ್ ಕಟ್ಟುತ್ತದೆ ಅಷ್ಟೆ, ಕುಗ್ಗಿಸುವುದಿಲ್ಲ. ಫೈಲುಗಳನ್ನು 512 ಬೈಟಿನ ತುಂಡುಗಳಾಗಿ ಒಂದರ ಹಿಂದೊಂದು ಸಾಲಾಗಿ ಇಡುವುದು ಅದರ ಕೆಲಸ. ಕುಗ್ಗಿಸುವುದಕ್ಕೆ ಜಿಜಿಪ್, ಎಕ್ಸ್‌ಝಡ್ ಎಂಬ ಬೇರೆಯವು ಇವೆ. ಝಡ್ ಸೇರಿಸಿದರೆ ಟಾರ್ ತಾನು ಕಟ್ಟಿದ್ದನ್ನು ಜಿಜಿಪ್ ಕೈಗೆ ದಾಟಿಸುತ್ತದೆ, ದೊಡ್ಡ ಜೆ ಸೇರಿಸಿದರೆ ಎಕ್ಸ್‌ಝಡ್ ಕೈಗೆ. ಜಿಪ್ ಈ ಎರಡೂ ಕೆಲಸವನ್ನು ತಾನೇ ಮಾಡುತ್ತದೆ, ಆದರೆ ಒಳಗಿನ ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತದೆ. ಈ ವ್ಯತ್ಯಾಸದ ಫಲವನ್ನು ಮುಂದೆ ಹೇಳುತ್ತೇನೆ.

ಸಿ, ಎಕ್ಸ್, ಟಿ ಮೂರರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಟಿ. ನಮ್ಮ ಸೀಮೆಯಲ್ಲಿ ಬಿಳಿಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ, ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ತೆರೆದಿಟ್ಟು ಕಾಯುತ್ತಿದ್ದರು. ಕಾಯದೆ ಇಳಿದು ಸತ್ತವರ ಕಥೆ ಹಿರಿಯರ ಬಾಯಲ್ಲಿ ಇತ್ತು. ಕಂಡವರು ಕಳಿಸಿದ ಗಂಟನ್ನು ಬಿಚ್ಚುವಾಗಲೂ ಅದೇ ಎಚ್ಚರ ಬೇಕು. ಟಿ ಜೊತೆಗೆ ವಿ ಸೇರಿಸಿ ಹಾಕಿದರೆ ಏನೂ ಬಿಚ್ಚದೆ ಒಳಗಿರುವ ಫೈಲುಗಳ ಹೆಸರು, ಗಾತ್ರ, ತಾರೀಖು ಸಾಲಾಗಿ ಬರುತ್ತವೆ. ಎಲ್ಲವೂ ಒಂದು ಫೋಲ್ಡರಿನೊಳಗೆ ಇವೆಯೋ, ಬಿಚ್ಚಿದ ಕೂಡಲೆ ನೂರಾರು ಫೈಲು ನಮ್ಮ ಫೈಲುಗಳ ನಡುವೆ ಚೆಲ್ಲಿಕೊಳ್ಳುತ್ತವೆಯೋ, ನಮ್ಮಲ್ಲಿರುವ ಹೆಸರಿನದೇ ಫೈಲು ಬಂದು ಹಳೆಯದನ್ನು ಅಳಿಸಿಬಿಡುತ್ತದೆಯೋ ಎಲ್ಲ ಆಗಲೇ ತಿಳಿಯುತ್ತದೆ. ಜಿಪ್ ಗಂಟಿಗೆ ಅನ್‌ಜಿಪ್ ಎಂದು ಬರೆದು ಎಲ್ ಹಾಕಿದರೆ ಇದೇ ಪಟ್ಟಿ. ಆ ಪಟ್ಟಿಯನ್ನು ಒಂದು ಪಠ್ಯದ ಫೈಲಿಗೆ ಇಳಿಸಿಕೊಂಡ ಮೇಲೆಯೇ ನಾನು ಮುಂದಿನ ಕೆಲಸಕ್ಕೆ ಕೈ ಹಾಕುವುದು.

ಇನ್ನು ಕುಗ್ಗುವ ಬಗೆ. ಕನ್ನಡ ಓದುವವರು ಇದನ್ನೊಮ್ಮೆ ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ, ಏಕೆಂದರೆ ನಮ್ಮ ಭಾಷೆ ಇಲ್ಲಿ ತೋರುವ ಗುಣ ಬಹಳ ಸೊಗಸಾದದ್ದು. 1977ರಲ್ಲಿ ಯಾಕೋಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ ಎಂಬ ಇಬ್ಬರು ಇಸ್ರೇಲಿ ವಿಜ್ಞಾನಿಗಳು ಒಂದು ಉಪಾಯ ಪ್ರಕಟಿಸಿದರು. ಒಮ್ಮೆ ಬಂದ ಅಕ್ಷರಮಾಲೆ ಮತ್ತೆ ಬಂದರೆ ಅದನ್ನು ಮತ್ತೆ ಬರೆಯಬೇಡ. ಇಷ್ಟು ಹಿಂದೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ತೆಗೆದುಕೋ ಎಂದು ಎರಡು ಸಂಖ್ಯೆ ಬರೆದಿಡು. ಇಬ್ಬರೂ ತೀರಿಕೊಂಡದ್ದು 2023ರಲ್ಲಿ, ಎರಡು ತಿಂಗಳೊಳಗೆ ಒಬ್ಬರ ಹಿಂದೊಬ್ಬರು. ಜಿಪ್, ಜಿಜಿಪ್, ಎಕ್ಸ್‌ಝಡ್ ಮೂರರ ಬುಡದಲ್ಲೂ ಇರುವುದು ಅವರ ಉಪಾಯವೇ.

ಬಸವನಬಾಗೇವಾಡಿಯ ಬಸವಣ್ಣನವರ ವಚನಗಳನ್ನೆಲ್ಲ ಒಂದು ಪಠ್ಯದ ಫೈಲಿನಲ್ಲಿ ಇಟ್ಟಿದ್ದೀರಿ ಎನ್ನಿ. ಕೂಡಲಸಂಗಮದೇವಾ ಎಂಬ ಅಂಕಿತ ವಚನ ವಚನಕ್ಕೂ ಬರುತ್ತದೆ. ಅದು 12 ಚಿಹ್ನೆ, 36 ಬೈಟ್. ಮೊದಲನೆಯ ಸಲ ಅದನ್ನು ಪೂರ್ತಿ ಬರೆಯಬೇಕು. ಎರಡನೆಯ ಸಲದಿಂದ ಆ 36 ಬೈಟಿನ ಜಾಗದಲ್ಲಿ ಎರಡೋ ಮೂರೋ ಬೈಟ್ ಸಾಕು. ಸೋಬಾನೆಯ ಸೊಲ್ಲು, ಡೊಳ್ಳಿನ ಪದದ ಪಲ್ಲವಿ, ಭಜನೆಯಲ್ಲಿ ಹಿಮ್ಮೇಳದವರು ಎತ್ತಿಕೊಳ್ಳುವ ಸಾಲು ಎಲ್ಲಕ್ಕೂ ಹೀಗೆಯೇ. ಬಾಯಿಂದ ಬಾಯಿಗೆ ಬರುವ ಹಾಡು ನೆನಪಿನಲ್ಲಿ ನಿಲ್ಲಲೆಂದು ಮತ್ತೆ ಮತ್ತೆ ಅದೇ ಸಾಲಿಗೆ ಬರುತ್ತದೆ, ಆ ಮರುಕಳಿಕೆಯಿಂದಲೇ ಕಂಪ್ಯೂಟರಿನಲ್ಲಿ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ. ಇದನ್ನು ಮೊದಲು ಅರಿತಾಗ ಆದ ಸಂತೋಷ ಇವತ್ತಿಗೂ ಇಳಿದಿಲ್ಲ.

ಲಿಪಿಯದೂ ಒಂದು ಪಾಲಿದೆ. ಕನ್ನಡದ ಯಾವ ಚಿಹ್ನೆ ತೆಗೆದುಕೊಂಡರೂ ಅದರ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ 224. ಎರಡನೆಯದು 178, ಇಲ್ಲವೆ 179. ಬಗೆಬಗೆಯಾಗಿ ಬದಲಾಗುವುದು ಮೂರನೆಯದು ಮಾತ್ರ. ಮೂರರಲ್ಲಿ ಎರಡು ಬೈಟನ್ನು ಹೆಚ್ಚುಕಡಿಮೆ ಮೊದಲೇ ಊಹಿಸಬಹುದಾದ್ದರಿಂದ ಕುಗ್ಗಿಸುವ ಪ್ರೋಗ್ರಾಮಿಗೆ ಅವು ಭಾರವೇ ಅಲ್ಲ. ಯುನಿಕೋಡ್ ಕನ್ನಡ ಮೂರು ಪಟ್ಟು ಜಾಗ ತಿನ್ನುತ್ತದೆ, ಹಳೆಯ ಫಾಂಟಿನಲ್ಲೇ ಇರಲಿ ಎಂದು ವಾದಿಸುವ ಡಿಟಿಪಿಯವರನ್ನು ನಾನು ಕಂಡಿದ್ದೇನೆ. ಗಂಟು ಕಟ್ಟಿ ಕುಗ್ಗಿಸಿದ ಮೇಲೆ ಆ ಮೂರು ಪಟ್ಟಿನ ಹೆಚ್ಚಳದಲ್ಲಿ ಬಹುಪಾಲು ಕರಗುತ್ತದೆ. ಆ ವಾದದಲ್ಲಿ ಹುರುಳಿಲ್ಲ.

ಒಂದು ಕಡೆ ಮಾತ್ರ ಮೂರು ಬೈಟ್ ನಮಗೆ ತೊಂದರೆ ಕೊಡುತ್ತದೆ. 1992ರಲ್ಲಿ ಜಾನ್-ಲೂಪ್ ಗೈಲಿ, ಮಾರ್ಕ್ ಆಡ್ಲರ್ ಸೇರಿ ಕೊಟ್ಟ ಜಿಜಿಪ್ ಹಿಂತಿರುಗಿ ನೋಡುವುದು 32 ಕಿಲೋಬೈಟಿನಷ್ಟು ದೂರ ಮಾತ್ರ. ಇಂಗ್ಲಿಷಿಗೆ ಅದು 32 ಸಾವಿರಕ್ಕೂ ಮೀರಿದ ಅಕ್ಷರ; ಕನ್ನಡಕ್ಕೆ 11 ಸಾವಿರ ಚಿಹ್ನೆಗೂ ಸ್ವಲ್ಪ ಕಡಿಮೆ. ಒಂದು ಹಾಡಿನ ಸಾಲು ಮತ್ತೊಂದು ಹಾಡಿನಲ್ಲಿ 40 ಪುಟದ ಆಚೆ ಬಂದರೆ ಜಿಜಿಪ್‌ಗೆ ಅದರ ನೆನಪಿರುವುದಿಲ್ಲ. ಎಕ್ಸ್‌ಝಡ್ ಸಾಮಾನ್ಯವಾಗಿ 8 ಮೆಗಾಬೈಟಿನಷ್ಟು ಹಿಂದೆ ನೋಡುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ ನಿಜ, ಆದರೆ ಒಂದು ತಾಲ್ಲೂಕಿನ ಹಾಡುಗಳೆಲ್ಲ ಆ ಹರವಿನಲ್ಲಿ ಬರುತ್ತವೆ. ಇಂಡಿಯ ಕಡೆಯ ಬೀಸುವ ಪದದ ಸಾಲು ಸಿಂದಗಿಯ ಸೋಬಾನೆಯಲ್ಲಿ ಬಂದರೂ ಅದು ಗುರುತು ಹಿಡಿಯುತ್ತದೆ. ಒಂದೊಂದು ಫೈಲನ್ನೂ ಬೇರೆಯಾಗಿ ಕುಗ್ಗಿಸುವ ಜಿಪ್‌ಗೆ ಆ ನೆಂಟಸ್ತನ ಕಾಣುವುದೇ ಇಲ್ಲ. ಉದ್ದನೆಯ ಕನ್ನಡ ಪಠ್ಯಗಳನ್ನು ಬಹುಕಾಲ ಇಡುವುದಕ್ಕೆ ಎಕ್ಸ್‌ಝಡ್ ಮೇಲು ಎನ್ನುವುದು ನನ್ನ ತೀರ್ಮಾನ.

ಫೋಟೋ, ಧ್ವನಿಮುದ್ರಣಗಳ ಮಾತು ಬೇರೆ. ಜೆಪೆಗ್, ಎಂಪಿ3 ಹುಟ್ಟುವಾಗಲೇ ಕುಗ್ಗಿ ಬಂದವು. ಅವನ್ನು ಮತ್ತೆ ಕುಗ್ಗಿಸಲು ಹೊರಟರೆ ಹೊತ್ತು ಹೋಗುತ್ತದೆಯೇ ಹೊರತು ಜಾಗ ಉಳಿಯುವುದಿಲ್ಲ. ಬರೀ ಟಾರ್ ಕಟ್ಟಿಟ್ಟರೆ ಸಾಕು.

ಗಂಟು ಕೆಡುವುದು ಹೇಗೆ ಎನ್ನುವುದನ್ನೂ ಕಟ್ಟುವವನು ತಿಳಿದಿರಬೇಕು. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುವಂತಿಲ್ಲ. ನಕಲು ಆಗುತ್ತಿರುವಾಗಲೇ ಹೋದರೆ ಗಂಟಿನ ತಲೆ ಇತ್ತ, ಬಾಲ ಅತ್ತ. ಜಿಪ್ ತನ್ನ ಪಟ್ಟಿಯನ್ನು ಕಟ್ಟಕಡೆಗೆ ಇಡುತ್ತದೆ. ಬಾಲ ತುಂಡಾದರೆ ಪಟ್ಟಿಯೇ ಹೋಯಿತು, ಸಾಮಾನ್ಯ ಪ್ರೋಗ್ರಾಮುಗಳು ತೆರೆಯಲು ಒಪ್ಪುವುದಿಲ್ಲ. ಟಾರ್ ಒಂದೊಂದು ಫೈಲಿನ ಮುಂದೆಯೇ ಅದರ ಹೆಸರು ಬರೆಯುವುದರಿಂದ ತುಂಡಾದ ಜಾಗದವರೆಗಿನ ಹಾಡುಗಳು ಕೈಗೆ ಸಿಗುತ್ತವೆ. ಆದರೆ ನಡುವೆ ಎಲ್ಲಾದರೂ ಒಂದು ಬೈಟ್ ಕೆಟ್ಟರೆ ತಿರುಗುಮುರುಗು. ಒಟ್ಟಿಗೆ ಕುಗ್ಗಿದ ಟಾರಿನಲ್ಲಿ ಅಲ್ಲಿಂದ ಮುಂದಿನದೆಲ್ಲ ಹೋಗುವ ಸಂಭವವೇ ಹೆಚ್ಚು. ಜಿಪ್‌ನಲ್ಲಿ ಕೆಡುವುದು ಆ ಒಂದು ಫೈಲು. ಯಾವುದೂ ಪೂರ್ತಿ ಭದ್ರವಲ್ಲ, ಆದ್ದರಿಂದ ಕಟ್ಟಿದ ಮೇಲೆ ಪರೀಕ್ಷೆ ಆಗಲೇಬೇಕು. ಜಿಜಿಪ್, ಎಕ್ಸ್‌ಝಡ್, ಅನ್‌ಜಿಪ್ ಮೂರಕ್ಕೂ ಚಿಕ್ಕ ಟಿ ಕೊಟ್ಟರೆ ಒಳಗಿನ ಬೈಟುಗಳನ್ನೆಲ್ಲ ಓದಿ, ಕಟ್ಟುವಾಗ ಬರೆದಿಟ್ಟ ಮೊತ್ತದ ಜೊತೆ ತಾಳೆ ನೋಡುತ್ತವೆ. ಇನ್ನೊಂದು ಎಚ್ಚರ: ಜಿಜಿಪ್ ಮತ್ತು ಎಕ್ಸ್‌ಝಡ್ ಎರಡೂ ಕುಗ್ಗಿಸಿದ ಮೇಲೆ ಮೂಲ ಫೈಲನ್ನು ತೆಗೆದುಬಿಡುತ್ತವೆ. ಕೆ ಎಂದು ಸೇರಿಸಿದರೆ ಉಳಿಸುತ್ತವೆ. ಪರೀಕ್ಷೆ ಮುಗಿಯುವವರೆಗೆ ಉಳಿದಿರಲಿ.

ಗಂಟು ಬಿಚ್ಚಿ ಓದುವ ಕೆಲಸದಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಪರಂಪರೆ ಇದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಹಳ್ಳಿ ಹಳ್ಳಿ ತಿರುಗಿ, ಮಠ ಮನೆಗಳ ಜಂತಿಗೆ ಸಿಕ್ಕಿಸಿಟ್ಟ ತಾಳೆಗರಿಯ ಕಟ್ಟುಗಳನ್ನು ಬೇಡಿ ತಂದರು. ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳಿರುತ್ತಿದ್ದವು. ಬಿಚ್ಚಿ, ಗರಿ ಎಣಿಸಿ, ಏನಿದೆ ಎಂದು ಗುರುತು ಮಾಡಿಕೊಳ್ಳದೆ ಮುಂದಿನ ಕೆಲಸವೇ ಸಾಗುತ್ತಿರಲಿಲ್ಲ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಅದಕ್ಕಾಗಿ ಮನೆ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆ. ಅತ್ತ ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಹೆಂಗಸರ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ ಗರತಿಯ ಹಾಡು ಅಚ್ಚಾಯಿತು. ಬರೆದುಕೊಂಡದ್ದು ಅಚ್ಚಿನವರೆಗೆ ಹೋಯಿತೆಂದೇ ಅದು ಇವತ್ತು ನಮಗೆ ಉಂಟು. ನಮ್ಮ ಕಾಲದವರು ಬರೆದುಕೊಂಡದ್ದು ಹಾರ್ಡ್ ಡಿಸ್ಕಿಗೆ ಬಂದು ನಿಂತಿದೆ. ಹಾರ್ಡ್ ಡಿಸ್ಕಿನ ಆಯುಸ್ಸು ತಾಳೆಗರಿಗೆ ಹೋಲಿಸುವಂಥದ್ದಲ್ಲ.

ಸಿಂದಗಿ ತಾಲ್ಲೂಕಿನಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಪ್ರತಿಗೆ ಪ್ರತಿ ಹೋಲಿಸಿ ಪಾಠ ನಿರ್ಣಯ ಮಾಡುವ ಶಾಸ್ತ್ರದಲ್ಲಿ ಜೀವಮಾನ ಕಳೆದರು. ಒಂದೇ ಹಾಡಿನ ಗಂಟು ಮೂರು ಅಂಗಡಿಯಿಂದ ಬಂದಾಗ ನನಗೆ ಅವರ ನೆನಪಾಗುತ್ತದೆ. ಮೂರೂ ಒಂದೇ ಪ್ರತಿಯ ನಕಲೋ, ಯಾರಾದರೂ ಒಂದು ಅಕ್ಷರ ತಿದ್ದಿದ್ದಾರೋ? ಒಂದು ಮಟ್ಟಿಗೆ ಇದಕ್ಕೆ ಯಂತ್ರವೇ ಉತ್ತರ ಕೊಡುತ್ತದೆ. ಎಸ್‌ಎಚ್‌ಎ256 ಎಂಬ ಲೆಕ್ಕ ಫೈಲಿನ ಎಲ್ಲ ಬೈಟುಗಳನ್ನೂ ಸೇರಿಸಿ 64 ಅಕ್ಷರದ ಒಂದು ಗುರುತು ಕೊಡುತ್ತದೆ. ಒಂದು ಕೊಂಬು ಬದಲಾದರೂ ಗುರುತು ಪೂರ್ತಿ ಬೇರೆ. ಹೋಲಿಸಬೇಕಾದದ್ದು ಬಿಚ್ಚಿದ ಫೈಲುಗಳ ಗುರುತನ್ನು. ಗಂಟಿನೊಳಗೆ ತಾರೀಖೂ ಸೇರುವುದರಿಂದ ಹಾಡು ಒಂದೇ ಆಗಿದ್ದರೂ ಗಂಟಿನ ಗುರುತು ಬೇರೆಯಾಗಬಹುದು. ಫೈಲಿನ ಗುರುತು ಬೇರೆ ಬಂತೆಂದರೆ ಅಲ್ಲಿಂದ ಮುಂದೆ ಕೂತು ಓದುವುದು, ಹಾಡಿದವರನ್ನು ಕೇಳುವುದು ಮನುಷ್ಯರ ಕೆಲಸ.

ಇಷ್ಟೆಲ್ಲ ಹೇಳಿದ್ದು ತಾಲ್ಲೂಕು ಊರಿನಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುವ ಗೆಳೆಯರ ಸಲುವಾಗಿ. ವಿಂಡೋಸ್ 10ರಲ್ಲಿ 2018ರಿಂದ ಟಾರ್ ತಾನಾಗಿಯೇ ಇದೆ, ಏನೂ ಕೊಳ್ಳಬೇಕಿಲ್ಲ, ಇಳಿಸಿಕೊಳ್ಳಬೇಕಿಲ್ಲ. ಅಂಗಡಿಗಳಲ್ಲಿ ರೂಢಿಯಾಗಿರುವ ರಾರ್ ಗಂಟನ್ನು ಕಟ್ಟುವ ಹಕ್ಕು ಅದರ ಒಡೆಯರದು. ಊರಿನ ಹಾಡನ್ನು ಒಬ್ಬರ ಬೀಗದ ಕೈಗೆ ಒಪ್ಪಿಸುವುದು ಬೇಡ. ಟಾರ್, ಜಿಪ್ ರಚನೆ ಎಲ್ಲರಿಗೂ ತೆರೆದದ್ದು. ಯುನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವಿದ್ದರೆ ಅದನ್ನು ಹಾಗೆಯೇ ಇಡಿ, ಯುನಿಕೋಡಿಗೆ ಬದಲಿಸಿದ ಪ್ರತಿಯನ್ನೂ ಇಡಿ, ಯಾವ ಫಾಂಟು ಎಂದು ಬರೆದಿಡಿ. ಫೈಲಿನ ಹೆಸರು ಕೆಟ್ಟರೂ ಊರು ಉಳಿಯಬೇಕು, ಅದಕ್ಕೆ ಹಾಡಿದವರು, ಊರು, ತಾಲ್ಲೂಕು, ವರ್ಷ ಬರೆದ ಒಂದು ಪಟ್ಟಿಯನ್ನು ಗಂಟಿನೊಳಗೇ ಸೇರಿಸಿ. ಅದೇ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟರೆ ಇನ್ನೂ ಒಳ್ಳೆಯದು.

ಬರುವ ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ ಮೂಲೆಯ ಹಳೆಯ ಕಂಪ್ಯೂಟರನ್ನು ಗುಜರಿಯವರಿಗೆ ಕೊಡುವ ಮುಂಚೆ ಒಂದು ಸಲ ಚಾಲೂ ಮಾಡಿ. ಭಜನಾ ಸಂಘದ ಹೆಸರಿನ ಫೋಲ್ಡರ್ ಇದ್ದರೆ ಕಟ್ಟಿ, ಪರೀಕ್ಷೆ ಮಾಡಿ, ಒಂದು ಪ್ರತಿ ನಿಮ್ಮೂರಿನ ಗ್ರಂಥಾಲಯಕ್ಕೆ, ಒಂದು ಪ್ರತಿ ಹಾಡಿದವರ ಮನೆಗೆ ಕೊಡಿ.